ಮಾಣಿಯ ಸ್ವರ

ಪುರಸೈವಾಕ್ಕಂ, ಮದರಾಸು
18-2-1963

ಪ್ರೀತಿಯ ತಮ್ಮ ಮುರಳೀಧರನಿಗೆ ನಿನ್ನ ಅಕ್ಕನ ಆಶೀರ್ವಾದಗಳು.

ಕೆಮ್ಮು ಹೇಗಿದೆ? ಕುಂದಾಪುರದ ನೀರು ಹಿಡಿಸಿತೇ? ಮಾವನ ಮನೆಯಲ್ಲಿ ಸಂಕೋಚಪಟ್ಟುಕೊಂಡು ಅರ್ಧ ಹೊಟ್ಟೆಗೆ ಏಳಬೇಡ. ಸಾವಿರ ಜನರೆದುರು ಬಾಯಿ ತೆರೆಯುವಾಗ ಮಾತ್ರ ನಿನ್ನ ಸಂಕೋಚ ಎಲ್ಲಿ ಹೋಗುತ್ತದೋ ನಾ ಕಾಣೆ.

ನಿನ್ನ ಭಾವ ಇನ್ನೂ ಕುದಿಯುತ್ತಿದ್ದಾರೆ. ಯುದ್ಧನಿಧಿಯ ಸಭೆಗೆ ಸಿನಿಮಾದವರನ್ನು ಕರೆದದ್ದು ಕೈಮುಗಿದು ಹಣ ಎತ್ತಲಿಕ್ಕೆ. ನೀನು ಮೈಕಿನ ಮುಂದೆ ನಿಂತು, “ಚೀನಾದವರ ಹತ್ತಿರ ಕೂತು ಮಾತಾಡಿ, ಮಕ್ಕಳನ್ನು ಹಿಮದಲ್ಲಿ ಸಾಯಿಸಬೇಡಿ” ಎಂದೆ. ನಿನ್ನನ್ನು ಯಾರು ಕೇಳಿದ್ದರು ಮಾರಾಯ? ನಮ್ಮ ಹೋಟೆಲಿನ ಗೋಡೆಗೆ ಬಳಿದ ಡಾಂಬರು ಇನ್ನೂ ಹೋಗಿಲ್ಲ. ದಿನಾ ಬರುತ್ತಿದ್ದ ಗಿರಾಕಿಯೊಬ್ಬ ಮೊನ್ನೆ, “ಚೀನಾಕ್ಕಾರನ್ ಕಾಪಿ ನಮಕ್ಕು ವೇಂಡಾಂ”, ಚೀನಾದವನ ಕಾಫಿ ನಮಗೆ ಬೇಡ, ಎಂದು ಲೋಟ ದೂಡಿ ಎದ್ದು ಹೋದ. ನೀನು ಪತ್ರಿಕೆಯಲ್ಲಿ ಕ್ಷಮೆ ಕೇಳುವವರೆಗೆ ಈ ಮೆಟ್ಟಿಲು ಹತ್ತಬಾರದೆಂದು ಇವರ ಹಟ. ನೀನು ಕೇಳುವವನಲ್ಲ ಎಂಬುದು ನನಗೆ ಗೊತ್ತು.

ಅಮ್ಮನ ಕಣ್ಣಿನ ಪೊರೆ ಬಲಿತಿದೆ. ಈಗ ಜನರನ್ನು ಸ್ವರದಿಂದಲೇ ಗುರುತಿಸುತ್ತಾಳೆ. ನಿನ್ನನ್ನೇ ನೆನೆದು ಅಳುತ್ತಾಳಲ್ಲ, ಮಾಣಿ ಕಾಣದಿದ್ದರೂ ಮಗನ ಮಾತನ್ನಾದರೂ ಕೇಳಲಿ ಎಂದು ಹಿಂದಿನ ವಾರ ಭಾನುವಾರ ಬೆಳಗಿನ ಆಟಕ್ಕೆ, ನಿನ್ನ ಹೊಸ ಚಿತ್ರಕ್ಕೆ, ಕರೆದುಕೊಂಡು ಹೋದೆ. ರಾಜನ ವೇಷದಲ್ಲಿ ನೀನು ಬಂದೆ. “ಇವನೇ ಅಮ್ಮ” ಎಂದು ನಾನು ಅವಳ ಕೈ ಅದುಮಿದೆ. ನೀನು ಬಾಯಿ ತೆರೆದೆ. ಬಂದದ್ದು ಬೇರೆ ಯಾರದೋ ಸ್ವರ. ನೀನು ಊರಿಗೆ ಹೋಗುವಾಗ ಚಿತ್ರಕ್ಕೆ ಮಾತು ಸೇರಿಸುವುದು ಬಾಕಿಯಿತ್ತಂತೆ. ನಿನ್ನನ್ನು ಕೋಡಂಬಾಕ್ಕಂಗೆ ಕರೆಸಿದರೆ ಸ್ಟುಡಿಯೋಗೂ ಕಲ್ಲು ಬೀಳುತ್ತದೆಂದು ಹೆದರಿ ಇನ್ನೊಬ್ಬನಿಂದ ಹೇಳಿಸಿದರಂತೆ. ನನಗೆ ಮೊದಲೇ ತಿಳಿದಿದ್ದರೆ ಅವಳನ್ನು ಕರೆದೊಯ್ಯುತ್ತಿರಲಿಲ್ಲ.

ಅಮ್ಮ ಕೈ ಬಿಡಿಸಿಕೊಂಡು, “ಇದು ನಮ್ಮ ಮಾಣಿಯ ಸ್ವರ ಅಲ್ಲ. ಅವ ಎಲ್ಲಿ? ನನ್ನತ್ರ ಎಂತ ಮುಚ್ಚಿಡ್ತಿ?” ಎಂದಳು. ನಿನ್ನದೇ ಮುಖ, ಹುಬ್ಬೇರಿಸುವುದೂ ನಿನ್ನ ಹಾಗೆಯೇ, ಒಳಗಿನಿಂದ ಮಾತಾಡುವವ ಮಾತ್ರ ಮತ್ತೊಬ್ಬ. ಈಗ ಅಡುಗೆಮನೆಯಲ್ಲಿ ನಿನ್ನನ್ನು ನೆನೆದರೂ ಕಿವಿಗೆ ಆ ಪರಕೀಯನ ಸ್ವರವೇ ಬರುತ್ತದೆ. ಹೆದರಿಕೆಯಾಗುತ್ತದೆ ಮುರಳಿ.

ಇವರ ಸಿಟ್ಟು ಇಳಿಯುವವರೆಗೆ ನೀನು ಅಲ್ಲೇ ಇರು. ತಲೆಗೆ ಎಣ್ಣೆ ಹಚ್ಚಿ ಮೀಯುವುದನ್ನು ಬಿಡಬೇಡ. ಮಾವನಿಗೂ ಅತ್ತೆಗೂ ನನ್ನ ನಮಸ್ಕಾರ ಹೇಳು. ದೇವರು ನಿನ್ನನ್ನು ಚೆನ್ನಾಗಿಟ್ಟಿರಲಿ.

ನಿನ್ನ ಅಕ್ಕ,
ತುಂಗಾ

ತಾ.ಕ.: ಅಲ್ಲೇ ಇರು ಎಂದು ಬರೆದದ್ದು ಇವರು ಪಕ್ಕದಲ್ಲೇ ಕೂತಿದ್ದಕ್ಕೆ. ಇದನ್ನು ಅಂಚೆಪೆಟ್ಟಿಗೆಯ ಹತ್ತಿರ ನಿಂತು ಗೀಚುತ್ತಿದ್ದೇನೆ. ಜನ ನಿನ್ನನ್ನು ಕೊಂದಿದ್ದಾರೆ, ನಾವೆಲ್ಲ ಸೇರಿ ಅದನ್ನು ಮುಚ್ಚಿಟ್ಟಿದ್ದೇವೆ ಎಂದು ಅಮ್ಮ ನಂಬಿಬಿಟ್ಟಿದ್ದಾಳೆ. ಅನ್ನ ಮುಟ್ಟುತ್ತಿಲ್ಲ. ನಿನ್ನ ಕಾಗದ ಓದಿ ಹೇಳಿದರೆ, “ಅದು ನಿನ್ನ ಸ್ವರ, ಅವನದ್ದಲ್ಲ” ಎನ್ನುತ್ತಾಳೆ. ಬರುವ ಅಮಾವಾಸ್ಯೆಗೆ ನಿನ್ನ ಹೆಸರಿನಲ್ಲಿ ಎಳ್ಳುನೀರು ಬಿಡಿಸಬೇಕೆಂದು ಭಟ್ಟರಿಗೆ ಹೇಳಿ ಕಳಿಸಿದ್ದಾಳೆ. ಅದಕ್ಕೆ ಮುಂಚೆ ಬಾ. ಹೋಟೆಲು ಮುಚ್ಚಿದರೆ ಮುಚ್ಚಲಿ. ಯಾರ ಹತ್ತಿರವೂ ಕ್ಷಮೆ ಕೇಳಬೇಡ. ಬಂದು ಅವಳ ಹತ್ತಿರ ಮಾತಾಡು.