ಹಾಲು ಬಿಡಿಸಿದ ವಾರ

ಅಮ್ಮಾ,

ಹೋದ ತಿಂಗಳು ಮಗುವನ್ನು ತೊಟ್ಟಿಲಿನಿಂದ ಎತ್ತಿಕೊಳ್ಳುವಾಗ ಬೆನ್ನಲ್ಲಿ ಏನೋ ಲಟಕ್ಕೆಂದಿತು. ಬಾಣಂತಿ ನೋವೆಂದು ಹತ್ತು ದಿನ ಹಲ್ಲು ಕಚ್ಚಿ ಸಹಿಸಿದೆ. ಎಕ್ಸ್-ರೇ ತೆಗೆಸಿದರೆ ಬೆನ್ನೆಲುಬಿನ ಎರಡು ಮಣಿಗಳು ಕುಸಿದಿದ್ದವು.

"ಹಾಲೂಡಿಸೋವಾಗ ಎದೆಯಲ್ಲೇ ಒಂದು ಹಾರ್ಮೋನ್ ತಯಾರಾಗುತ್ತೆ, ಕತ್ತಿನ ಪ್ಯಾರಾಥೈರಾಯ್ಡ್ ಗ್ರಂಥಿಯ ಹಾರ್ಮೋನಿನ ದಾಯಾದಿ ಅಂತಿಟ್ಕೊಳ್ಳಿ. ತಾಯಿ ಮೂಳೆಯಿಂದ ಕ್ಯಾಲ್ಸಿಯಂ ತೆಗೆದು ಹಾಲಿಗೆ ಸೇರಿಸೋದು ಅದರ ಕೆಲಸ," ಎಂದರು ಡಾಕ್ಟರಮ್ಮ. "ಹಾಲು ಬಿಡಿಸಿದ ಮೇಲೆ ಮೂಳೆ ಮತ್ತೆ ತುಂಬಿಕೊಳ್ಳುತ್ತೆ. ನಿಮ್ಮದು ಮೊದಲೇ ತೆಳು. ಈಗಲೇ ನಿಲ್ಲಿಸಿ."

"ಇನ್ನೆರಡು ತಿಂಗಳು ಕೊಟ್ಟರೆ?" ಎಂದೆ.

"ಪುಡಿಹಾಲು ಕುಡಿದೂ ಮಕ್ಕಳು ಬೆಳೀತಾರಮ್ಮ. ನೀವು ಇನ್ನೊಂದು ಮೂಳೆ ಮುರ್ಕೊಂಡ್ರೆ ಅವಳನ್ನ ನೋಡ್ಕೊಳ್ಳೋರ್ಯಾರು?"

ನೀನು ಐದು ಹೆತ್ತವಳು. ನಿನ್ನ ಬೆನ್ನು ಬಾಗಿದ್ದು ವಯಸ್ಸಿಗೆ ಎಂದುಕೊಂಡಿದ್ದೆವು, ನೋವಿದೆಯಾ ಎಂದು ಯಾರೂ ಕೇಳಲಿಲ್ಲ. ದಯವಿಟ್ಟು ಮೂಳೆ ಪರೀಕ್ಷೆ ಮಾಡಿಸಿಕೋ. ಆಮೇಲೆ ಇಲ್ಲಿಗೆ ಬಾ, ಭಾರದ ಚೀಲ ಮಾತ್ರ ಹೊರಬೇಡ. ಮಗುವನ್ನು ಎತ್ತಲು ಇವರಿದ್ದಾರೆ, ನೀನು ನನ್ನ ಪಕ್ಕ ಕೂತರೆ ಸಾಕು.

ಮಗು ಮೂರು ದಿನ ಬಾಟಲಿ ಮುಟ್ಟಲಿಲ್ಲ, ಚಮಚದಲ್ಲಿ ಹಾಕಿದಷ್ಟೇ ಹೊಟ್ಟೆಗೆ ಹೋಯಿತು. ನನ್ನ ವಾಸನೆ ಬಂದರೆ ಕುಡಿಯುವುದಿಲ್ಲವೆಂದು ಇವರು ನನ್ನನ್ನು ಹೊರಗೆ ಕಳಿಸುತ್ತಿದ್ದರು. ಮೆಟ್ಟಿಲ ಮೇಲೆ ಕೂತು ಅವಳ ಅಳು ಕೇಳುತ್ತಿದ್ದೆ, ಎದೆ ತೊಯ್ಯುತ್ತಿತ್ತು. ಇವತ್ತು ಬೆಳಿಗ್ಗೆ ಅಳು ನಿಂತಿತು. ಇವರು ಬಾಗಿಲು ತೆಗೆದು ಖಾಲಿ ಬಾಟಲಿ ತೋರಿಸಿದರು.

"ಪೂರ್ತಿ ಕುಡಿದ್ಲು. ನಿನ್ನ ಹುಡುಕ್ಲೇ ಇಲ್ಲ."

ಒಳ್ಳೆಯದಾಯಿತು ಎಂದೆ. ಆದರೂ ಬಹಳ ಹೊತ್ತು ಒಳಗೆ ಹೋಗಲಾಗಲಿಲ್ಲ.

ದಾರಿ ಕಾಯುತ್ತಿರುವ
ನಿನ್ನ ಕೊನೆಯವಳು