ಒಂಟಿ ಕಾಲಿನ ಉಲ್ಲಂಕಿ

ಅಪ್ಪ,

ಈ ಸುದ್ದಿ ನಿನಗೆ ಮುಟ್ಟುವುದಿಲ್ಲವೆಂದು ಗೊತ್ತು. ಆದರೂ ನಿನಗಲ್ಲದೆ ಇನ್ಯಾರಿಗೆ ಹೇಳಲಿ?

ಇವತ್ತು ಬೆಳಿಗ್ಗೆ ಅಮ್ಮ ಕಡಲತೀರಕ್ಕೆ ಬಂದಳು. ನೀನು ಇದ್ದಷ್ಟು ದಿನ ಎಷ್ಟು ಕರೆದರೂ "ಹಕ್ಕಿ ಹುಚ್ಚು ಮನೆಗೊಬ್ಬರಿಗಿದ್ರೆ ಸಾಕು" ಎನ್ನುತ್ತಿದ್ದವಳು, ತಾನಾಗಿಯೇ ನಿನ್ನ ದುರ್ಬೀನು ಕೊರಳಿಗೆ ಹಾಕಿಕೊಂಡು ಹೊರಟಳು. ನಾನೂ ಜೊತೆಗೆ ಹೋದೆ.

ಶರತ್ಕಾಲ ಮುಗಿಯುತ್ತ ಬಂದಿದೆ, ಗಾಳಿ ಕಿವಿ ಕೊರೆಯುತ್ತದೆ. ನೀರು ಹಿಂದೆ ಸರಿದ ಕೆಸರಿನಲ್ಲಿ ವಲಸೆ ಹಕ್ಕಿಗಳು ಕಿಕ್ಕಿರಿದಿದ್ದವು. ಅವುಗಳಿಂದ ದೂರದಲ್ಲಿ ಒಂದು ಉಲ್ಲಂಕಿ ಒಂಟಿ ಕಾಲಿನಲ್ಲಿ ನಿಂತಿತ್ತು.

"ಪಾಪ, ಇಷ್ಟು ದೂರ ಕುಂಟ್ಕೊಂಡೇ ಬಂದಿದೆ" ಎಂದೆ.

ಅಮ್ಮ ನಕ್ಕಳು. "ಹಕ್ಕಿ ಹಾರ್ಕೊಂಡು ಬರುತ್ತೆ ಕಣೆ. ಅದಕ್ಕೆ ಎರಡು ಕಾಲೂ ಇದೆ. ಚಳಿಗೆ ಒಂದನ್ನ ಗರಿಯೊಳಗೆ ಬೆಚ್ಚಗೆ ಇಟ್ಕೊಂಡಿದೆ."

"ನಿಂಗೆ ಯಾರು ಹೇಳಿದ್ರು?"

"ಇನ್ಯಾರು? ಊಟಕ್ಕೆ ಕೂತಾಗೆಲ್ಲ ನಿಮ್ಮಪ್ಪನ ಬಾಯಲ್ಲಿ ಇದೇ ತಾನೆ."

"ನೀನು ಕೇಳಿಸ್ಕೊಳ್ತಿದ್ಯಾ?"

"ಒಂದಕ್ಷರ ಬಿಡದೆ ಕೇಳಿಸ್ಕೊಳ್ತಿದ್ದೆ. ಹೂಂಗುಟ್ತಿರಲಿಲ್ಲ, ಅಷ್ಟೆ."

ಆಮೇಲೆ ಅವಳು ದುರ್ಬೀನನ್ನು ಕಣ್ಣಿನಿಂದ ಇಳಿಸಲೇ ಇಲ್ಲ. ಉಲ್ಲಂಕಿ ಇನ್ನೊಂದು ಕಾಲನ್ನೂ ಊರಿ, ತುಸು ಓಡಿ, ಹಾರಿ ಹೋಗಿ ಎಷ್ಟೋ ಹೊತ್ತಾಗಿತ್ತು.

ಮನೆಗೆ ಬರುವಾಗ ದಾರಿಯುದ್ದಕ್ಕೂ ಅವಳದೇ ಮಾತು. ಯಾವ ಹಕ್ಕಿ ಎಲ್ಲಿಂದ ಬರುತ್ತದೆ, ಯಾವುದರ ಕೊಕ್ಕು ಯಾಕೆ ಬಾಗಿದೆ ಎಂದು ನಿನ್ನ ವರಸೆಯಲ್ಲೇ ಹೇಳಿದಳು. ನಾನು ಒಂದೊಂದಕ್ಕೂ ಹೂಂ ಎನ್ನುತ್ತ ಬಂದೆ.