ಶೆಡ್ಡಿನಲ್ಲಿಟ್ಟ ಎಡೆ

ದೊಡ್ಡಬಳ್ಳಾಪುರ, ಸೋಮವಾರ

ಅವ್ವ, ನಾನು ಚೆನ್ನಾಗಿದ್ದೇನೆ. ನಾನು ಸರ್ವೀಸ್ ಮಾಡಲು ಬಂದಿರುವ ಕಾರು ಮಾಕಳಿದುರ್ಗದ ಹತ್ತಿರ ಒಂದು ತೋಟದ ಮನೆಯಲ್ಲಿದೆ. ಐವತ್ತು ವರ್ಷ ಹಳೆಯ ಜೆನ್ಸನ್. ಕಟ್ಟಿದ್ದು ಇಂಗ್ಲೆಂಡಿನಲ್ಲಿ, ಎಂಜಿನ್ ಅಮೆರಿಕದ್ದು. ಮೈಮೇಲೆ ಒಂದು ಗೀರಿಲ್ಲ. ಸ್ಟಾರ್ಟ್ ಮಾಡಿದರೆ ನಿಂತವರ ಎದೆ ಅದುರುತ್ತದೆ. ಬೇರೆಯವರ ಕೈಗೆ ಕೊಡದೆ ತಾವೇ ಓಡಿಸಿ ತಾವೇ ತೊಳೆಯುತ್ತಿದ್ದ ಯಜಮಾನರು ಅಪ್ಪಯ್ಯಣ್ಣ ಹೋದ ವರ್ಷ ತೀರಿಕೊಂಡರಂತೆ.

ಪಿತೃಪಕ್ಷವಲ್ಲವೇ, ಇವತ್ತು ಅವರಿಗೆ ಎಡೆ. ಅವರ ಹೆಂಡತಿ ಅಮ್ಮಯಮ್ಮ ಅದನ್ನು ನಡುಮನೆಯಲ್ಲಿಡದೆ ಶೆಡ್ಡಿನಲ್ಲಿ ಕಾರಿನ ಪಕ್ಕದಲ್ಲೇ ಇಟ್ಟರು: ಮುದ್ದೆ, ಕೋಳಿಸಾರು, ಹೊಸ ಪಂಚೆ. ಹೋದವರು ಬಂದು ಉಣ್ಣಲೆಂದು ಶೆಡ್ಡಿನ ಬಾಗಿಲು ಮುಚ್ಚಿ ಎಲ್ಲರೂ ಹೊರಗೆ ಕೂತೆವು. ಆಕೆ ಇದ್ದಕ್ಕಿದ್ದಂತೆ ನನ್ನ ಕಡೆ ತಿರುಗಿ, "ಕಾರಿನ ಕೀ ಎಲ್ಲೈತಪ್ಪಾ?" ಎಂದರು. ನನ್ನ ಜೇಬಿನಲ್ಲೇ ಉಳಿದುಬಿಟ್ಟಿತ್ತು.

"ಒಳಕ್ಕೆ ಹಾಕ್ಬಿಡಪ್ಪಾ. ಉಂಡ್ಮೇಲೆ ಒಂದು ಸುತ್ತು ಹೋಗ್ದೆ ಇರೋರಲ್ಲ ಅವರು."

ಬಾಗಿಲ ಕೆಳಗಿನ ಸಂದಿಯಿಂದ ಕೀಯನ್ನು ಒಳಗೆ ತಳ್ಳಿದೆ. ಯಾರೂ ನಗಲಿಲ್ಲ.

ಅಮಾವಾಸ್ಯೆಗೆ ನನಗೆ ಬರಲಾಗದು. ಮಂಡಿನೋವಿನ ಮಾತ್ರೆ ಬಿಡಬೇಡ. ಅಪ್ಪನಿಗೆ ಎಡೆ ಇಡುವ ಮೊದಲು ಅವರ ಸೈಕಲ್ಲಿನ ಬೀಗ ತೆಗೆದಿಡು.

ಓಬಳೇಶ